ಡೇಕೇರ್‌ಗೆ ಬರುವ ವಲಸೆ ಮಕ್ಕಳಿಂದ ನಮ್ಮ ಮಗುವಿಗೆ ಟಿಬಿ ಬರುತ್ತಾ?

"ವೀಸಾ ಎಕ್ಸ್‌ರೇಯಲ್ಲಿ ನಾವಿಬ್ಬರೂ ಕ್ಲಿಯರ್. ಆದರೆ ಡೇಕೇರ್‌ನಲ್ಲಿ ಎಲ್ಲೆಲ್ಲಿಂದಲೋ ಬಂದ ಮಕ್ಕಳಿದ್ದಾರೆ, ಟಿಬಿ ಅಂಟುತ್ತಾ" ಅಂತ ಕೇಳಿದ್ದೀರಿ. ಇದೇ ಮಾತನ್ನು ನಾನೂ ಆಡಿದ್ದೆ. ಆಡುವ ಹೊತ್ತಿಗೆ ನನ್ನ ಮಗಳಿಗೆ ಟಿಬಿ ಬಂದಾಗಿತ್ತು. ಕೊಟ್ಟಿದ್ದು ಡೇಕೇರ್ ಅಲ್ಲ, ನಮ್ಮಪ್ಪ.

ನಾವು ದೇಶ ಬಿಟ್ಟಾಗ ಮಗನಿಗೆ ನಾಲ್ಕು ವರ್ಷ. ಮಗಳು ಹುಟ್ಟಿದ್ದು ಇಲ್ಲೇ. ಅವಳಿಗೆ ಆರು ತಿಂಗಳಾದಾಗ ಅಪ್ಪ ಬಂದು ಮೂರು ತಿಂಗಳು ಇದ್ದರು. ವಿಸಿಟರ್ ವೀಸಾ, ಎಕ್ಸ್‌ರೇ ಗಿಕ್ಸ್‌ರೇ ಯಾರೂ ಕೇಳಲಿಲ್ಲ. ಅವರಿಗೆ ಕೆಮ್ಮಿತ್ತು. ಎಷ್ಟು ದಿನದಿಂದ ಅಂದರೆ, "ಸಿಗರೇಟ್ ಸೇದಿದ ಎದೆ ಕಣಮ್ಮ, ಕೆಮ್ಮದೆ ಇನ್ನೇನು ಮಾಡುತ್ತೆ" ಅಂತ ನಗುತ್ತಿದ್ದರು. ಮಧ್ಯಾಹ್ನ ಮಗಳು ಅವರ ಎದೆ ಮೇಲೇ ಮಲಗುತ್ತಿದ್ದಳು. ಅವರು ಕೆಮ್ಮಿದರೆ ಅವಳ ತಲೆ ಕುಲುಕುತ್ತಿತ್ತು, ನಿದ್ದೆ ಮಾತ್ರ ಕೆಡುತ್ತಿರಲಿಲ್ಲ. ಅದನ್ನು ವಿಡಿಯೋ ಬೇರೆ ಮಾಡಿಟ್ಟುಕೊಂಡಿದ್ದೆ.

ಅಪ್ಪ ವಾಪಸ್ ಹೋಗಿ ಒಂದು ತಿಂಗಳಿಗೆ ಮಗಳಿಗೆ ಜ್ವರ ಹಿಡಿಯಿತು. ಆಸ್ಪತ್ರೆಯಲ್ಲಿ ಫಾರಂ ಕೊಟ್ಟರು. ಅದರಲ್ಲೊಂದು ಪ್ರಶ್ನೆ: ಬೇರೆ ದೇಶದಿಂದ ಬಂದವರ ಜೊತೆ ಮಗು ಹತ್ತಿರದಲ್ಲಿ ಇತ್ತಾ? ನಾನು "ಇಲ್ಲ" ಅಂತ ಟಿಕ್ ಮಾಡಿದೆ.

ನಾನು ಕೆಟ್ಟಿದ್ದು ಇಲ್ಲೇ. ಬೇಕಂತಲೇ ಸುಳ್ಳು ಬರೆದೆ ಅಂತಲ್ಲ. ಬೇರೆ ದೇಶದವರು ಅಂದ ತಕ್ಷಣ ಕಣ್ಮುಂದೆ ಬಂದದ್ದು ಡೇಕೇರ್‌ನ ಮಕ್ಕಳು. ಅಪ್ಪ ಹೊರಗಿನವರು ಹೇಗಾಗ್ತಾರೆ? ಅಪ್ಪ ಮನೆಯವರು ಅಲ್ವಾ. ಅದೂ ಅಲ್ಲದೆ ಅವರು ಹೊರಟುಹೋಗಿದ್ದರು. ಇನ್ನೂ ನಿಜ ಹೇಳಬೇಕು ಅಂದರೆ, ಪೆನ್ನು ಒಂದು ಕ್ಷಣ ನಿಂತಿತ್ತು. "ಇವರ ಮನೆಯಿಂದಲೇ ಕಾಯಿಲೆ ಬಂತು" ಅನ್ನಿಸಿಕೊಳ್ಳುವುದು ಬೇಡ ಅಂತ ಒಳಗೆಲ್ಲೋ ಅನ್ನಿಸಿತ್ತು. ಡಾಕ್ಟರು ಫಾರಂ ನೋಡಿ ನ್ಯುಮೋನಿಯಾ ಅಂದರು. ಒಂದು ಕೋರ್ಸ್ ಆಂಟಿಬಯೋಟಿಕ್, ಆಮೇಲೆ ಇನ್ನೊಂದು. ಒಂದು ಟಿಕ್ಕಿಗೆ ಮೂರು ವಾರ ಹೋಯಿತು. ತೂಕ ಏರಬೇಕಾದ ವಯಸ್ಸಿನಲ್ಲಿ ಇಳಿಯಿತು. ದೊಡ್ಡವರಿಗೆ ಟಿಬಿ ಸೋಂಕು ತಗುಲಿದರೆ ಇಡೀ ಜನ್ಮದಲ್ಲಿ ಕಾಯಿಲೆ ಬೀಳುವವರು ನೂರಕ್ಕೆ 5ರಿಂದ 10 ಮಂದಿ. ವರ್ಷ ತುಂಬದ ಮಕ್ಕಳಲ್ಲಿ, ಔಷಧಿ ಕೊಡದಿದ್ದರೆ, ಹೆಚ್ಚುಕಡಿಮೆ ಅರ್ಧ. ಮೆದುಳಿಗೆ ಏರುವ ಭಯವೂ ಈ ವಯಸ್ಸಿಗೇ ಜಾಸ್ತಿ. ನಮ್ಮ ಪುಣ್ಯ, ಏರಿರಲಿಲ್ಲ.

ಕೊನೆಗೆ ಒಬ್ಬ ನರ್ಸ್ ಸುಮ್ನೆ ಮಾತಿಗೆ "ಅಜ್ಜ ಅಜ್ಜಿ ಬಂದು ನೋಡಿದ್ರಾ ಮಗೂನ" ಅಂದರು. ಅದಕ್ಕೆ ಮಾತ್ರ ಖುಷಿಯಿಂದ ಹೂಂ ಅಂದೆ, ವಿಡಿಯೋ ತೋರಿಸಿದೆ. ಅವರು ಸೌಂಡ್ ಜಾಸ್ತಿ ಮಾಡಿ ಎರಡು ಸಲ ನೋಡಿದರು.

ಇಷ್ಟು ಚಿಕ್ಕವರು ಕಫ ಉಗುಳಲ್ಲ, ನುಂಗುತ್ತಾರೆ. ಹಾಗಾಗಿ ಮೂರು ದಿನ, ಬೆಳಗ್ಗೆ ಹಾಲು ಕೊಡುವ ಮೊದಲೇ, ಮೂಗಿನಿಂದ ಹೊಟ್ಟೆಗೆ ಟ್ಯೂಬ್ ಇಳಿಸಿ ಟಿಬಿ ಪರೀಕ್ಷೆಗೆ ಅದನ್ನು ತೆಗೆದರು. ಆಮೇಲೆ ಆರು ತಿಂಗಳು ಔಷಧಿ. ರಿಫಾಂಪಿಸಿನ್ ಕೊಟ್ಟರೆ ಡೈಪರ್ ಕಿತ್ತಳೆ ಬಣ್ಣ ಆಗುತ್ತದೆ ಅಂತ ಮೊದಲೇ ಹೇಳಿದ್ದರು, ಆದರೂ ರಕ್ತ ಅಂದುಕೊಂಡು ಕಿರುಚಿದ್ದೆ. ಮಗನಿಗೆ ಹುಟ್ಟಿದಾಗಲೇ ಬಿಸಿಜಿ, ಅಂದರೆ ಟಿಬಿ ಲಸಿಕೆ, ಆಗಿತ್ತು. ಅದರಿಂದ ಚರ್ಮದ ಪರೀಕ್ಷೆ ದಾರಿ ತಪ್ಪಿಸಬಹುದು ಅಂತ ರಕ್ತ ಪರೀಕ್ಷೆ ಮಾಡಿದರು. ಸೋಂಕು ಇತ್ತು, ಅಂದರೆ ಕ್ರಿಮಿ ಒಳಗೆ ಮಲಗಿತ್ತು, ಕಾಯಿಲೆ ಇರಲಿಲ್ಲ. ನಾಲ್ಕು ತಿಂಗಳು ಮಾತ್ರೆ ನುಂಗಿದ, ಮುಗಿಯಿತು.

ಹೊರಗಿಂದ ಬಂದವನು ಓಡಾಡಿಕೊಂಡಿದ್ದ, ಇಲ್ಲಿ ಹುಟ್ಟಿದವಳು ಮಲಗಿದಳು. ಇದು ನಮ್ಮನೆ ಕಥೆ ಮಾತ್ರ ಅಲ್ಲ. ಅಮೆರಿಕದಲ್ಲೂ ಟಿಬಿ ಬಂದ ಮಕ್ಕಳಲ್ಲಿ ಜಾಸ್ತಿ ಜನ ಅಲ್ಲೇ ಹುಟ್ಟಿದವರು. ಅವರಲ್ಲಿ ಬಹಳಷ್ಟು ಮಕ್ಕಳ ಅಪ್ಪನೋ ಅಮ್ಮನೋ ಬೇರೆ ದೇಶದವರು. ಇಂಥ ಕಡೆ ಬಿಸಿಜಿಯನ್ನೂ ಎಲ್ಲ ಮಕ್ಕಳಿಗೆ ಹಾಕಲ್ಲ.

ಅದಕ್ಕೇ ನಿಮ್ಮ ಪ್ರಶ್ನೆಯೇ ತಪ್ಪು ಅಂತೀನಿ, ಬೇಜಾರು ಮಾಡ್ಕೋಬೇಡಿ. ಚಿಕ್ಕ ಮಕ್ಕಳ ಟಿಬಿ ಇನ್ನೊಬ್ಬರಿಗೆ ಅಂಟುವುದು ತೀರಾ ಅಪರೂಪ. ಕ್ರಿಮಿ ಕಡಿಮೆ, ಕೆಮ್ಮಿಗೆ ಜೋರಿರಲ್ಲ. ಮಗುವಿಗೆ ಟಿಬಿ ಬಂತು ಅಂದರೆ ಹತ್ತಿರದಲ್ಲಿ ಕೆಮ್ಮುವ ದೊಡ್ಡವರು ಯಾರೋ ಇದ್ದಾರೆ ಅಂತಲೇ ಲೆಕ್ಕ. ಅದು ನೀವೂ ಆಗಿರಬಹುದು. ಆ ವೀಸಾ ಎಕ್ಸ್‌ರೇ ಅವತ್ತಿನ ಶ್ವಾಸಕೋಶ ತೋರಿಸುತ್ತದೆ ಅಷ್ಟೇ, ಒಳಗೆ ಮಲಗಿರುವ ಕ್ರಿಮಿಯನ್ನಲ್ಲ. ಅದು ಏಳುವ ಅಪಾಯ ದೇಶ ಬದಲಿಸಿದ ಮೊದಲ ಕೆಲವು ವರ್ಷಗಳಲ್ಲಿ ಜಾಸ್ತಿ. ಎರಡು ವಾರ ದಾಟಿದ ಕೆಮ್ಮು ಯಾರದ್ದೇ ಇರಲಿ, ಪರೀಕ್ಷೆ ಮಾಡಿಸಿ. ಊರಿಂದ ಯಾರು ಬಂದಿದ್ದರು, ನೀವು ಯಾವಾಗ ಹೋಗಿದ್ದಿರಿ, ಎಲ್ಲ ಡಾಕ್ಟರಿಗೆ ಹೇಳಿ. ಮರ್ಯಾದೆ ಆಮೇಲೆ ನೋಡಿಕೊಳ್ಳೋಣ.

ಅಪ್ಪನಿಗೆ ಫೋನ್ ಮಾಡಿ ಕಫ ಪರೀಕ್ಷೆ ಮಾಡಿಸಿದೆ. ಪಾಸಿಟಿವ್. "ನನ್ನಿಂದಲೇ ಏನಮ್ಮ?" ಅಂದರು. ಹೂಂ ಅಂದೆ. ಔಷಧಿ ಪೂರ್ತಿ ಮುಗಿಸಿ ಮರುವರ್ಷ ಮತ್ತೆ ಬಂದರು. ಏರ್‌ಪೋರ್ಟ್‌ನಲ್ಲಿ ಮಗಳು ಕೈ ಚಾಚಿದಳು. ಅವರು ಎತ್ತಿಕೊಳ್ಳಲಿಲ್ಲ. ಮೊದಲು ಜೇಬಿನಿಂದ ರಿಪೋರ್ಟ್ ತೆಗೆದು ನನ್ನ ಕೈಗೆ ಕೊಟ್ಟರು, ನಾನು ಓದುವವರೆಗೂ ನಿಂತರು.