ಸುಂಕದ ಹೊಡೆತಕ್ಕೆ ಕೆಲಸ ಹೋಗುತ್ತಿದೆ: ರಾಜೀನಾಮೆಗೆ ಸಹಿ ಹಾಕಬೇಕೇ?

ಪ್ರಶ್ನೆ: ಬೆಂಗಳೂರಿನ ಗಾರ್ಮೆಂಟ್ಸ್ ಒಂದರಲ್ಲಿ ಒಂಬತ್ತು ವರ್ಷದಿಂದ ಟೈಲರ್ ಆಗಿದ್ದೇನೆ. ಸಂಬಳ 13,500 ರೂಪಾಯಿ. ಪಿಎಫ್, ಇಎಸ್‌ಐ ಎರಡೂ ಕಡಿತವಾಗುತ್ತವೆ. ಕಾರ್ಖಾನೆಯಲ್ಲಿ ಸುಮಾರು 600 ಜನ ಇದ್ದೇವೆ. ಅಮೆರಿಕ ಸುಂಕ ಏರಿಸಿದ ಮೇಲೆ ಆರ್ಡರ್ ಇಲ್ಲವೆಂದು ನಮ್ಮ ಎರಡು ಲೈನ್ ನಿಲ್ಲಿಸಿದ್ದಾರೆ. ಒಬ್ಬೊಬ್ಬರನ್ನೇ ಕರೆದು ಟೈಪ್ ಮಾಡಿದ ಕಾಗದಕ್ಕೆ ಸಹಿ ಕೇಳುತ್ತಿದ್ದಾರೆ. ನಾನು ಇನ್ನೂ ಹಾಕಿಲ್ಲ. ಹೀಗೆ ಕೆಲಸ ಹೋದವರಿಗೆ ಸರ್ಕಾರ ಹಣ, ತರಬೇತಿ ಕೊಡುತ್ತದೆ ಎಂದು ಮಗ ಮೊಬೈಲ್‌ನಲ್ಲಿ ಓದಿ ಹೇಳಿದ. ನನಗೆ ಸಿಗುತ್ತದೆಯೇ?
– ಹೆಸರು ಬೇಡ, ಬೆಂಗಳೂರು

ಉತ್ತರ: ಸಹಿ ಹಾಕದೆ ಉಳಿದಿದ್ದೀರಲ್ಲ, ಅಷ್ಟರಿಂದಲೇ ನಿಮ್ಮ ಅರ್ಧ ಹಕ್ಕು ಉಳಿದಿದೆ.

ಮಗ ಓದಿದ್ದು ಬಹುಶಃ ಅಮೆರಿಕದ ಯೋಜನೆ. ಆಮದಿನಿಂದಲೋ ಕಾರ್ಖಾನೆ ಹೊರದೇಶಕ್ಕೆ ಹೋದದ್ದರಿಂದಲೋ ಕೆಲಸ ಕಳೆದುಕೊಂಡವರಿಗೆ 1974ರ ಕಾನೂನಿನಡಿ ಅಲ್ಲಿ ತರಬೇತಿ, ಭತ್ಯೆ ಸಿಗುತ್ತಿತ್ತು. 2022ರ ಜುಲೈ 1ರಿಂದ ಅಲ್ಲಿಯೂ ಹೊಸಬರಿಗೆ ಮಂಜೂರಾತಿ ನಿಂತಿದೆ. ನಮ್ಮಲ್ಲಿ ಅಂಥ ಯೋಜನೆ ಇಲ್ಲ. 2025ರ ಆಗಸ್ಟ್‌ನಲ್ಲಿ ಸುಂಕ ಶೇ 50ಕ್ಕೆ ಏರಿದ್ದರಿಂದ ಆರ್ಡರ್ ಹೋಯಿತು ಎಂಬ ಕಾರಣವನ್ನು ನಮ್ಮ ಕಾನೂನು ಕೇಳುವುದಿಲ್ಲ. ನೀವಾಗಿ ಬಿಟ್ಟಿರೋ, ಅವರು ತೆಗೆದರೋ ಎಂಬುದನ್ನು ಮಾತ್ರ ಕೇಳುತ್ತದೆ.

ಆ ಕಾಗದವನ್ನು ಇನ್ನೊಮ್ಮೆ ಓದಿ. ಇಂಥ ಕಾಗದಗಳಲ್ಲಿ ಸಾಮಾನ್ಯವಾಗಿ ‘ನನ್ನ ಸ್ವಂತ ಕಾರಣಗಳಿಂದ ಕೆಲಸ ಬಿಡುತ್ತಿದ್ದೇನೆ, ಕಂಪನಿಯಿಂದ ಯಾವ ಬಾಕಿಯೂ ಇಲ್ಲ’ ಎಂದು ಇರುತ್ತದೆ. ಆ ಒಂದು ಸಾಲಿನಿಂದ ರಿಟ್ರೆಂಚ್‌ಮೆಂಟ್ (ಅಂದರೆ ಕಂಪನಿಯೇ ಕೆಲಸದಿಂದ ತೆಗೆಯುವುದು) ರಾಜೀನಾಮೆಯಾಗಿಬಿಡುತ್ತದೆ. ಗ್ರಾಚ್ಯುಟಿ, ಪಿಎಫ್ ರಾಜೀನಾಮೆ ಕೊಟ್ಟರೂ ಸಿಗುತ್ತವೆ. ಉಳಿದವು ಹೋಗುತ್ತವೆ.

ಏನು ಹೋಗುತ್ತದೆ ಎಂದು ಲೆಕ್ಕ ಹಾಕೋಣ. ರಿಟ್ರೆಂಚ್‌ಮೆಂಟ್ ಆದರೆ ನಿಮ್ಮಷ್ಟು ದೊಡ್ಡ ಕಾರ್ಖಾನೆಯಲ್ಲಿ ಮೂರು ತಿಂಗಳ ನೋಟಿಸ್ ಅಥವಾ ಅದರ ಸಂಬಳ. ವರ್ಷಕ್ಕೆ 15 ದಿನದ ಸರಾಸರಿ ವೇತನದಂತೆ ಒಂಬತ್ತು ವರ್ಷಕ್ಕೆ ಸುಮಾರು 60 ಸಾವಿರ ಪರಿಹಾರ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆಯ ಪ್ರಕಾರ, ಹೊಸ ಕೌಶಲ ಕಲಿಯಲೆಂದು ಇನ್ನೂ 15 ದಿನದ ವೇತನವನ್ನು ಮಾಲೀಕರು ನಿಧಿಗೆ ಕಟ್ಟಬೇಕು. ಅದು 45 ದಿನದೊಳಗೆ ನಿಮ್ಮ ಖಾತೆಗೆ ಬರಬೇಕು. ಮಗ ಹೇಳಿದ ತರಬೇತಿ ನೆರವಿಗೆ ನಮ್ಮಲ್ಲಿ ಹತ್ತಿರವಾದದ್ದು ಇದೇ. ಮೊತ್ತ ಸಣ್ಣದು, ನಿಜ.

ದೊಡ್ಡ ಮೊತ್ತ ಇರುವುದು ಇಎಸ್‌ಐನಲ್ಲಿ, ಹೆಚ್ಚಿನವರಿಗೆ ಅದು ಗೊತ್ತೇ ಇಲ್ಲ. ರಾಜೀವ್ ಗಾಂಧಿ ಶ್ರಮಿಕ ಕಲ್ಯಾಣ ಯೋಜನೆಯಡಿ, ರಿಟ್ರೆಂಚ್‌ಮೆಂಟ್ ಅಥವಾ ಕಾರ್ಖಾನೆ ಮುಚ್ಚಿ ಕೆಲಸ ಹೋದವರಿಗೆ ಮೊದಲ 12 ತಿಂಗಳು ವೇತನದ ಶೇ 50, ಮುಂದಿನ 12 ತಿಂಗಳು ಶೇ 25 ಭತ್ಯೆ ಇದೆ. ಬೇರೆ ಕೆಲಸ ಸಿಗದೆ ಎರಡು ವರ್ಷ ಕಳೆದರೆ ನಿಮಗೆ ಸುಮಾರು 1,21,500 ರೂಪಾಯಿ ಆಗುತ್ತದೆ. ಆ ಅವಧಿಯಲ್ಲಿ ಮನೆಯವರಿಗೂ ಇಎಸ್‌ಐ ಚಿಕಿತ್ಸೆ ಮುಂದುವರಿಯುತ್ತದೆ. ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ ಯೋಜನೆ ಎಂಬ 90 ದಿನದ ಇನ್ನೊಂದು ಭತ್ಯೆಯೂ ಇದೆ. ಅದನ್ನು ಆಗಾಗ ವಿಸ್ತರಿಸುತ್ತಾ ಬಂದಿರುವುದರಿಂದ ಈಗಿನ ಸ್ಥಿತಿಯನ್ನು ಇಎಸ್‌ಐ ಶಾಖಾ ಕಚೇರಿಯಲ್ಲಿ ಕೇಳಿ.

ಇನ್ನೊಂದು ಮಾತು. 300 ಅಥವಾ ಹೆಚ್ಚು ಕಾರ್ಮಿಕರಿರುವ ಕಾರ್ಖಾನೆ ಸರ್ಕಾರದ ಪೂರ್ವಾನುಮತಿ ಇಲ್ಲದೆ ಯಾರನ್ನೂ ರಿಟ್ರೆಂಚ್ ಮಾಡುವಂತಿಲ್ಲ. ಒಬ್ಬೊಬ್ಬರನ್ನೇ ಕರೆದು ರಾಜೀನಾಮೆ ಕೇಳುವುದರ ಹಿಂದೆ ಈ ಅನುಮತಿಯನ್ನು ತಪ್ಪಿಸಿಕೊಳ್ಳುವ ಉದ್ದೇಶ ಇರಬಹುದು ಎಂಬುದು ನನ್ನ ಅನುಮಾನ. ಆದ್ದರಿಂದ ಒಬ್ಬರೇ ಆ ಕೋಣೆಗೆ ಹೋಗಬೇಡಿ. ‘ಕೆಲಸ ಮಾಡಲು ಸಿದ್ಧಳಿದ್ದೇನೆ, ತೆಗೆಯುವುದಾದರೆ ಲಿಖಿತವಾಗಿ ತಿಳಿಸಿ’ ಎಂದು ಕಂಪನಿಗೆ ಸ್ಪೀಡ್ ಪೋಸ್ಟ್‌ನಲ್ಲಿ ಪತ್ರ ಕಳಿಸಿ, ರಸೀದಿ ಇಟ್ಟುಕೊಳ್ಳಿ. ಅದರ ಪ್ರತಿಯನ್ನು ಬನ್ನೇರುಘಟ್ಟ ರಸ್ತೆಯಲ್ಲಿರುವ ಕಾರ್ಮಿಕ ಇಲಾಖೆಯ ಕಚೇರಿ, ಕಾರ್ಮಿಕ ಭವನಕ್ಕೆ ದೂರಿನ ಜೊತೆ ಕೊಡಿ. ಈಗಾಗಲೇ ಸಹಿ ಹಾಕಿರುವ ನಿಮ್ಮ ಗೆಳತಿಯರೂ ಒತ್ತಾಯದಿಂದ ಬರೆಸಿಕೊಂಡರೆಂದು ಕೂಡಲೇ ದೂರು ಕೊಡಲಿ. ಅದನ್ನು ಸಾಬೀತು ಮಾಡುವುದು ಕಷ್ಟ. ಹತ್ತಿಪ್ಪತ್ತು ಜನ ಒಂದೇ ದಿನ ಒಂದೇ ಒಕ್ಕಣೆಯ ಕಾಗದಕ್ಕೆ ಸಹಿ ಹಾಕಿದ್ದರೆ ಅದೇ ಒಳ್ಳೆಯ ಸಾಕ್ಷಿ.

ಪಿಎಫ್ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳಬೇಕು. ಹಣದ ಅಡಚಣೆ ಬಂದರೂ ಪಿಂಚಣಿ ಭಾಗವನ್ನು ಮಾತ್ರ ತೆಗೆಯಬೇಡಿ. ಅದಕ್ಕೆ ಸ್ಕೀಮ್ ಸರ್ಟಿಫಿಕೇಟ್, ಅಂದರೆ ಈವರೆಗಿನ ಪಿಂಚಣಿ ಸೇವೆಯನ್ನು ಉಳಿಸಿಡುವ ಪತ್ರ, ಪಡೆಯಿರಿ. ತಿಂಗಳ ಪಿಂಚಣಿಗೆ ಬೇಕಾದದ್ದು 10 ವರ್ಷದ ಸೇವೆ. ಒಂಬತ್ತು ನಿಮ್ಮ ಕೈಯಲ್ಲಿವೆ. ಮುಂದೆ ಯಾವ ಕಾರ್ಖಾನೆಗೆ ಸೇರಿದರೂ ಹತ್ತನೆಯದು ಅಲ್ಲಿ ಸೇರಿಕೊಳ್ಳುತ್ತದೆ.