ಹೈವೇಯಲ್ಲಿ ಬೀಟಲ್ ಕೈಕೊಡುವುದು ಯಾಕೆ? ಮೂರನೇ ಸಿಲಿಂಡರ್ ಪ್ರಶ್ನೆಗೆ ಉತ್ತರ

ನಮಸ್ಕಾರ ಸರ್. ನಿಮ್ಮ ಪೋಸ್ಟ್ ಪೂರ್ತಿ ಓದಿದೆ. 1968ರ ಫೋಕ್ಸ್‌ವ್ಯಾಗನ್ ಬೀಟಲ್ ಕಾರು, 1500 ಎಂಜಿನ್. ಊರೊಳಗೆ ತಕರಾರಿಲ್ಲದೆ ಓಡುತ್ತಿದ್ದ ಗಾಡಿ. ತುಮಕೂರು ರಸ್ತೆಯಲ್ಲಿ 95-100 ಕಿ.ಮೀ. ಸ್ಪೀಡಿನಲ್ಲಿ ಮುಕ್ಕಾಲು ಗಂಟೆ ಓಡಿಸಿದ ಮೇಲೆ ಟಕಟಕ ಸದ್ದು ಬಂದು, ಪಿಕಪ್ ಸತ್ತು, ನಿಂತೇ ಹೋಯಿತು. ಮೂರನೇ ಸಿಲಿಂಡರ್‌ನಲ್ಲಿ ಕಂಪ್ರೆಷನ್ನೇ (ಒಳಗಿನ ಗಾಳಿಯ ಒತ್ತಡ) ಇಲ್ಲ ಎಂದು ಮೆಕ್ಯಾನಿಕ್ ಹೇಳಿದ್ದಾರೆ. ಪೆಟ್ರೋಲ್-ಗಾಳಿ ಬೆರೆಸುವ ಕಾರ್ಬುರೇಟರ್ ಬದಲಿಸಿ 34 ಪಿಕ್ಟ್ ಮಾಡೆಲ್ ಹಾಕಿಸಿದ್ದೀರಿ, ಜೊತೆಗೆ ಪ್ಲಗ್‌ಗಳಿಗೆ ಕಿಡಿ ಹಂಚುವ 009 ಡಿಸ್ಟ್ರಿಬ್ಯೂಟರ್. ಮೇಲಿನ ಕಾಮೆಂಟುಗಳಲ್ಲಿ ನಾಲ್ಕೈದು ಜನ "ಏರ್‌ಕೂಲ್ಡ್ ಗಾಡಿ, ಅಷ್ಟು ಸ್ಪೀಡಿಗೆ ಮಾಡಿದ್ದಲ್ಲ" ಎಂದು ಬರೆದಿದ್ದಾರೆ. ಏರ್‌ಕೂಲ್ಡ್ ಎಂದರೆ ನೀರಿಲ್ಲದೆ ಫ್ಯಾನ್ ಗಾಳಿಯಿಂದಲೇ ತಣಿಯುವ ಎಂಜಿನ್. ಅವರ ಮಾತನ್ನು ನಾನು ಒಪ್ಪುವುದಿಲ್ಲ.

ಈ ಗಾಡಿ ಹುಟ್ಟಿದ್ದೇ ಜರ್ಮನಿಯ ಆಟೋಬಾನ್‌ಗಾಗಿ. ಇದರ ಟಾಪ್ ಸ್ಪೀಡೇ ಕ್ರೂಸಿಂಗ್ ಸ್ಪೀಡ್ ಎಂದು ಕಂಪನಿಯವರೇ ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದರು. ಅಂದರೆ ಆಕ್ಸಿಲರೇಟರ್ ಪೂರ್ತಿ ಒತ್ತಿ ಗಂಟೆಗಟ್ಟಲೆ ಓಡಿಸಬಹುದು ಎಂದರ್ಥ. ನಿಮ್ಮ 1500ಕ್ಕೆ ಅದು ಸುಮಾರು 125 ಕಿ.ಮೀ. ಇದು ಸಾಧ್ಯವಾಗಿದ್ದು ಎಂಜಿನ್ನಿನ ಉಸಿರನ್ನು ಬೇಕಂತಲೇ ಕಟ್ಟಿಹಾಕಿದ್ದರಿಂದ. ಚಿಕ್ಕ ಕಾರ್ಬುರೇಟರ್, ಸಣ್ಣ ಇನ್‌ಟೇಕ್ ದಾರಿ, 1493 ಸಿಸಿಗೆ ಬರೀ 44 ಎಚ್‌ಪಿ. ಎಷ್ಟೇ ಒತ್ತಿದರೂ ತನ್ನನ್ನು ತಾನೇ ಸುಟ್ಟುಕೊಳ್ಳುವಷ್ಟು ಪೆಟ್ರೋಲ್ ಅದಕ್ಕೆ ಸಿಗುತ್ತಿರಲಿಲ್ಲ. ನಾಲ್ಕನೇ ಗೇರಿನಲ್ಲಿ 100 ಕಿ.ಮೀ. ಎಂದರೆ ಸುಮಾರು 3000 ಆರ್‌ಪಿಎಂ ಅಷ್ಟೇ. ಆ ಸ್ಪೀಡಿನಲ್ಲಿ ನಿಮ್ಮದು ಸತ್ತಿದೆ ಎಂದರೆ, ಕಂಪನಿ ಕೊಟ್ಟಿದ್ದರಲ್ಲಿ ಏನೋ ಬದಲಾಗಿದೆ ಅಥವಾ ಕಳೆದುಹೋಗಿದೆ. ಅದನ್ನು ಹುಡುಕಬೇಕು.

ಊರೊಳಗೆ ಚೆನ್ನಾಗಿದ್ದದ್ದು ಹೈವೇಯಲ್ಲಿ ಯಾಕೆ ಹೋಯಿತು ಎಂದು ಕೇಳಿದ್ದೀರಿ. ಕೂಲಿಂಗ್ ಫ್ಯಾನ್ ಡೈನಮೋ ಶಾಫ್ಟಿನ ಮೇಲೆ ಕೂತಿದೆ, ಅದನ್ನು ತಿರುಗಿಸುವುದು ಕ್ರ್ಯಾಂಕ್ (ಎಂಜಿನ್ನಿನ ಮುಖ್ಯ ಶಾಫ್ಟ್) ಪುಲ್ಲಿಯ ಬೆಲ್ಟ್. ಕ್ರ್ಯಾಂಕ್ ಒಂದು ಸುತ್ತು ತಿರುಗಿದರೆ ಫ್ಯಾನ್ ಸುಮಾರು 1.8 ಸುತ್ತು. ಹಾಗಾಗಿ 80ರಿಂದ 100ಕ್ಕೆ ಹೋದಾಗ ಗಾಳಿ ಜಾಸ್ತಿಯಾಗುವುದು 25 ಪರ್ಸೆಂಟ್ ಮಾತ್ರ. ಆದರೆ ಎದುರುಗಾಳಿಯನ್ನು ಸೀಳಲು ಬೇಕಾಗುವ ಪವರ್ ಸ್ಪೀಡಿನ ಘನದ ಲೆಕ್ಕದಲ್ಲಿ ಏರುತ್ತದೆ. ಟೈರಿನ ಎಳೆತವನ್ನೂ ಸೇರಿಸಿ ನೋಡಿದರೆ ಎಂಜಿನ್ ಒಂದೂವರೆ ಪಟ್ಟಿಗೂ ಜಾಸ್ತಿ ದುಡಿಯಬೇಕು. ಗಾಳಿ ಕಾಲು ಭಾಗ ಏರಿತು, ಕೆಲಸ ಅರ್ಧಕ್ಕಿಂತ ಜಾಸ್ತಿ ಏರಿತು. ಒಳ್ಳೆಯ ಎಂಜಿನ್‌ಗೆ ಈ ವ್ಯತ್ಯಾಸ ತಡೆದುಕೊಳ್ಳುವ ಶಕ್ತಿ ಇರುತ್ತದೆ. ಊರೊಳಗೆ ನಾಲ್ಕು ಸಿಗ್ನಲ್‌ಗೊಮ್ಮೆ ಕಾಲು ತೆಗೆಯುತ್ತೀರಿ, ಸಣ್ಣಪುಟ್ಟ ದೋಷಗಳೆಲ್ಲ ಅದರಲ್ಲಿ ಮುಚ್ಚಿಹೋಗುತ್ತವೆ. ಹೈವೇಯಲ್ಲಿ ಆ ಬಿಡುವೇ ಇಲ್ಲ.

ಇನ್ನು ಮೂರನೇ ಸಿಲಿಂಡರ್. ಎಂಜಿನ್ ಇರುವುದು ಗಾಡಿಯ ಹಿಂಭಾಗದಲ್ಲಿ. ಗಾಡಿಯ ಹಿಂದೆ ನಿಂತು ನೋಡಿದರೆ ಎಡಗಡೆ, ಆಚೆ ಇರುವುದೇ ಮೂರನೆಯದು. ನಿಮ್ಮ ಮಾಡೆಲ್‌ನಲ್ಲಿ ಆಯಿಲ್ ಕೂಲರ್ ಫ್ಯಾನ್ ಹೌಸಿಂಗ್ ಒಳಗೇ, ಸರಿಯಾಗಿ ಆ ಸಿಲಿಂಡರಿನ ಮೇಲೆ ನೆಟ್ಟಗೆ ನಿಂತಿದೆ. ಗಾಳಿ ಮೊದಲು ಬಿಸಿ ಆಯಿಲ್ ಕೂಲರನ್ನು ದಾಟಬೇಕು, ಉಳಿದದ್ದು ಮೂರನೆಯದಕ್ಕೆ. ಕಂಪನಿಗೂ ಇದು ಗೊತ್ತಿತ್ತು. ಹಲವು ಮೂಲ ಡಿಸ್ಟ್ರಿಬ್ಯೂಟರ್‌ಗಳಲ್ಲಿ ಮೂರನೇ ಸಿಲಿಂಡರಿನ ಕಿಡಿ ಮಾತ್ರ ಸ್ವಲ್ಪ ತಡವಾಗಿ ಬರುವಂತೆ ಮಾಡಿದ್ದರು. 1971ರ ಮಾಡೆಲ್‌ನಿಂದ ದೊಡ್ಡ ಎಂಜಿನ್‌ಗಳಲ್ಲಿ ಕೂಲರನ್ನು ಹೌಸಿಂಗ್‌ನ ಆಚೆ ಬದಿಗೆ ಸರಿಸಿ, ಅದಕ್ಕೇ ಬೇರೆ ಗಾಳಿ ದಾರಿ ಕೊಟ್ಟರು. ಅದನ್ನೇ ಡಾಗ್‌ಹೌಸ್ ಎನ್ನುವುದು.

ಸಿಲಿಂಡರ್ ತುದಿಯ ಮುಚ್ಚಳ, ಅಂದರೆ ಹೆಡ್, ಬಿಚ್ಚಿದಾಗ ನಿಮಗೆ ಬಹುಶಃ ಇದು ಕಾಣಬಹುದು: ಮೂರನೇ ಸಿಲಿಂಡರಿನ ಎಕ್ಸಾಸ್ಟ್ (ಹೊಗೆ ಬಿಡುವ) ವಾಲ್ವಿನ ತಲೆ ಕಾಂಡದಿಂದ ಮುರಿದು ಪಿಸ್ಟನ್ನಿನ ನೆತ್ತಿಯಲ್ಲಿ ಓರೆಯಾಗಿ ನಾಟಿಕೊಂಡಿರುತ್ತದೆ, ಸುತ್ತ ಅಲ್ಯೂಮಿನಿಯಂ ಎಲ್ಲ ಜಜ್ಜಿಹೋಗಿರುತ್ತದೆ. ಎಕ್ಸಾಸ್ಟ್ ವಾಲ್ವ್ ತಣ್ಣಗಾಗುವುದು ಮುಖ್ಯವಾಗಿ ಸೀಟಿಗೆ ಗಟ್ಟಿಯಾಗಿ ಕೂತಾಗ. ವಾಲ್ವ್ ಮತ್ತು ಅದನ್ನು ಒತ್ತುವ ತೋಳಿನ ನಡುವಿನ ಗ್ಯಾಪ್ ಬಿಗಿಯಾಗಿದ್ದರೆ ಪೂರ್ತಿ ಕೂರುವುದಿಲ್ಲ, ಬಿಸಿ ಹೊರಗೆ ಹೋಗುವುದಿಲ್ಲ, ಕಾಂಡ ಎಳೆದುಕೊಳ್ಳುತ್ತಾ ಹೋಗುತ್ತದೆ. ಇದಕ್ಕೆ ಮುಂಚೆಯೇ ಒಂದು ಸುಳಿವು ಸಿಗುತ್ತದೆ, ಬಹಳ ಜನ ಅದನ್ನು ಗಮನಿಸುವುದಿಲ್ಲ. ಪ್ರತಿ ಸಲ ಟ್ಯಾಪೆಟ್ (ಅಂದರೆ ಈ ಗ್ಯಾಪ್) ಸೆಟ್ ಮಾಡುವಾಗ ಒಂದೇ ವಾಲ್ವಿನ ಗ್ಯಾಪ್ ಮತ್ತೆ ಮತ್ತೆ ಕಮ್ಮಿಯಾಗಿದ್ದರೆ, ಆ ವಾಲ್ವ್ ಉದ್ದವಾಗುತ್ತಿದೆ ಅಥವಾ ಸೀಟಿನೊಳಗೆ ಇಳಿಯುತ್ತಿದೆ. ಸುಮ್ನೆ ಸ್ಕ್ರೂ ಸಡಿಲಿಸಿ ಮುಂದೆ ಹೋಗಬೇಡಿ, ಆಗಲೇ ಹೆಡ್ ಬಿಚ್ಚಿಸಿ. ಗ್ಯಾಪ್ 0.15 ಮಿ.ಮೀ. ಇಡಿ. ಎಂಜಿನ್ ಪೂರ್ತಿ ತಣ್ಣಗಿರಬೇಕು, ರಾತ್ರಿಯಿಡೀ ನಿಂತ ಗಾಡಿಯಾದರೆ ಒಳ್ಳೆಯದು. ಇದನ್ನೆಲ್ಲ ಒಂದು ಡೈರಿಯಲ್ಲಿ ಬರೆದಿಡಿ, ಇಲ್ಲದಿದ್ದರೆ ಯಾವ ವಾಲ್ವ್ ಬಿಗಿಯಾಗುತ್ತಿದೆ ಎಂದು ಗೊತ್ತೇ ಆಗುವುದಿಲ್ಲ.

ನನಗೆ ಜಾಸ್ತಿ ಅನುಮಾನ ಇರುವುದು ನಿಮ್ಮ 34 ಪಿಕ್ಟ್ ಮತ್ತು 009 ಜೋಡಿಯ ಮೇಲೆ. 009ರಲ್ಲಿ ವ್ಯಾಕ್ಯೂಮ್ ಅಡ್ವಾನ್ಸ್ (ಎಂಜಿನ್ನಿನ ಗಾಳಿ ಸೆಳೆತದಿಂದ ಕಿಡಿಯನ್ನು ಬೇಗ ತರುವ ವ್ಯವಸ್ಥೆ) ಇಲ್ಲ, ಬರೀ ತೂಕದ ಗುಂಡುಗಳಿಂದ ಕೆಲಸ ಮಾಡುತ್ತದೆ. ಈ ಕಾರ್ಬುರೇಟರ್ ಜೊತೆ ಹಾಕಿದರೆ ಆಕ್ಸಿಲರೇಟರ್ ಒತ್ತಿದ ಕೂಡಲೇ ಗಾಡಿ ಒಂದು ಕ್ಷಣ ಮುಗ್ಗರಿಸುತ್ತದೆ. ಅದನ್ನು ಹೋಗಲಾಡಿಸಲು ಮೆಕ್ಯಾನಿಕ್ ಡಿಸ್ಟ್ರಿಬ್ಯೂಟರನ್ನು ಕಿವಿಯಲ್ಲೇ ಕೇಳುತ್ತಾ ಸ್ವಲ್ಪ ಮುಂದಕ್ಕೆ ತಿರುಗಿಸುತ್ತಾರೆ. ಪಿಕಪ್ ಬಂತು ಎಂದು ನಮಗೂ ಖುಷಿ. ಆದರೆ 3000 ಆರ್‌ಪಿಎಂನಲ್ಲಿ ಟೈಮಿಂಗ್, ಅಂದರೆ ಪಿಸ್ಟನ್ ತುದಿ ಮುಟ್ಟುವ ಎಷ್ಟು ಡಿಗ್ರಿ ಮುಂಚೆ ಕಿಡಿ ಬರುತ್ತದೆ ಎನ್ನುವುದು, 36-38 ಡಿಗ್ರಿಗೆ ಹೋಗಿ ಕೂತಿರುತ್ತದೆ. ಒಳಗೆ ನಾಕಿಂಗ್ (ಪೆಟ್ರೋಲ್ ತಾನಾಗಿ ಸಿಡಿಯುವುದು) ಆಗುತ್ತಿದ್ದರೂ ಏರ್‌ಕೂಲ್ಡ್ ಗಾಡಿಯ ಗದ್ದಲದಲ್ಲಿ, ಅದೂ ಎಂಜಿನ್ ಹಿಂದಿರುವಾಗ, ಕೇಳಿಸುವುದಿಲ್ಲ. 009 ಇದ್ದರೆ ಐಡಲ್ ಟೈಮಿಂಗನ್ನು ನಂಬಬೇಡಿ. ಟೈಮಿಂಗ್ ಲೈಟ್ ಹಿಡಿದು, 3000ಕ್ಕಿಂತ ಮೇಲೆ ಎಬ್ಬಿಸಿ, ಒಟ್ಟು 28ರಿಂದ 30 ಡಿಗ್ರಿ ದಾಟದಂತೆ ಸೆಟ್ ಮಾಡಿಸಿ. ನನ್ನನ್ನು ಕೇಳಿದರೆ ಮೂಲದ ವ್ಯಾಕ್ಯೂಮ್ ಡಿಸ್ಟ್ರಿಬ್ಯೂಟರ್ ಮತ್ತು 30 ಪಿಕ್ಟ್ ಎರಡನ್ನೂ ವಾಪಸ್ ಹಾಕಿಸಿ.

ಇದರ ಮೇಲೆ ಈಗಿನ ಪೆಟ್ರೋಲ್ ಬೇರೆ. ಇ20ರಲ್ಲಿ (20 ಪರ್ಸೆಂಟ್ ಎಥನಾಲ್ ಬೆರೆಸಿದ ಪೆಟ್ರೋಲ್) ಎಥನಾಲ್ ಜೊತೆ ಆಮ್ಲಜನಕವೂ ಬರುತ್ತದೆ. ಅದೇ ಜೆಟ್ (ಕಾರ್ಬುರೇಟರಿನಲ್ಲಿ ಪೆಟ್ರೋಲ್ ಬರುವ ತೂತು) ಇಟ್ಟುಕೊಂಡರೆ ಮಿಕ್ಸ್ಚರ್ ಆರರಿಂದ ಎಂಟು ಪರ್ಸೆಂಟ್ ಲೀನ್ ಆಗುತ್ತದೆ, ಅಂದರೆ ಗಾಳಿಗೆ ತಕ್ಕಷ್ಟು ಪೆಟ್ರೋಲ್ ಇರುವುದಿಲ್ಲ. ಹೊಸ ಕಾರುಗಳ ಕಂಪ್ಯೂಟರ್ ಸರಿಮಾಡಿಕೊಳ್ಳುತ್ತದೆ, ನಮ್ಮ ಹಿತ್ತಾಳೆ ಜೆಟ್‌ಗೆ ಏನು ಗೊತ್ತು? ಮೇನ್ ಜೆಟ್ 125 ಇದ್ದರೆ 130 ಹಾಕಿ ನೋಡಿ. ಹೈವೇಯಲ್ಲಿ ಓಡಿಸಿ, ಕೀ ಆಫ್ ಮಾಡಿ ಕ್ಲಚ್ ಒತ್ತಿ ಪಕ್ಕಕ್ಕೆ ನಿಲ್ಲಿಸಿ, ಪ್ಲಗ್ ಬಿಚ್ಚಿ ನೋಡಿ. ಬೆಳ್ಳಗೆ, ಸಣ್ಣ ಹರಳು ಅಂಟಿದ ಹಾಗಿದ್ದರೆ ಇನ್ನೂ ಲೀನ್ ಇದೆ. ಹಳೆಯ ರಬ್ಬರ್ ಪೆಟ್ರೋಲ್ ಪೈಪುಗಳನ್ನೂ ಇದೇ ನೆಪದಲ್ಲಿ ಬದಲಿಸಿಬಿಡಿ. ಎಂಜಿನ್ ಮೇಲೆ ಬೆಂಕಿ ಬಿದ್ದರೆ ಮ್ಯಾಗ್ನೀಸಿಯಂ ಕ್ರ್ಯಾಂಕ್‌ಕೇಸ್ ಆರಿಸುವುದು ಬಹಳ ಕಷ್ಟ.

ಇನ್ನು ಗಾಳಿಗೆ ದಾರಿ ತೋರಿಸುವ ತಗಡುಗಳ ವಿಷಯ. ಎಂಜಿನ್ ಇಳಿಸಿ ಹತ್ತಿಸುವಾಗ "ಇದು ಬೇಡ ಬಿಡಿ" ಎಂದು ಮೂಲೆಗೆ ಬಿಸಾಡುವುದು ಇವನ್ನೇ. ಸಿಲಿಂಡರ್‌ಗಳ ಕೆಳಗೆ, ಎರಡರ ಮಧ್ಯೆ ಸಿಕ್ಕಿಸುವ ಸಣ್ಣ ತಗಡು ಇದೆ. ಅದಿದ್ದರೆ ಗಾಳಿ ಸಿಲಿಂಡರಿನ ಫಿನ್‌ಗಳನ್ನು (ಬಿಸಿ ಬಿಡುವ ತೆಳು ಅಂಚುಗಳನ್ನು) ಸುತ್ತಿಕೊಂಡು ಕೆಳಗಿನವರೆಗೆ ಹೋಗುತ್ತದೆ. ಇಲ್ಲದಿದ್ದರೆ ಮಧ್ಯದಲ್ಲೇ ಜಾರಿ ಹೋಗುತ್ತದೆ, ಸಿಲಿಂಡರಿನ ಕೆಳಭಾಗ ಬೇಯುತ್ತದೆ. ಎಂಜಿನ್ ಸುತ್ತಲಿನ ರಬ್ಬರ್ ಸೀಲ್ ಹರಿದಿದ್ದರೆ, ಕೆಳಗೆ ಬಿಟ್ಟ ಬಿಸಿ ಗಾಳಿಯನ್ನೇ ಫ್ಯಾನ್ ಮತ್ತೆ ಮೇಲಕ್ಕೆ ಎಳೆದುಕೊಳ್ಳುತ್ತದೆ. ಕ್ರೋಮ್ ತಗಡು ಹಾಕಿಸಿದವರು ನಮ್ಮ ಗುಂಪಿನಲ್ಲೇ ಬೇಕಾದಷ್ಟು ಜನ ಇದ್ದಾರೆ. ನೋಡಲು ಚಂದ, ಆದರೆ ಎಷ್ಟೋ ಸೆಟ್‌ಗಳು ಸರಿಯಾಗಿ ಕೂರುವುದೇ ಇಲ್ಲ, ಬೆರಳು ತೂರುವಷ್ಟು ಸಂದು ಬಿಟ್ಟಿರುತ್ತವೆ. ಫ್ಯಾನ್ ಹೌಸಿಂಗ್ ಬಿಚ್ಚಿದಾಗ ಒಳಗೆ ಕೈ ಹಾಕಿ ನೋಡಿ. ವರ್ಷಗಟ್ಟಲೆ ಶೆಡ್ಡಿನಲ್ಲಿ ನಿಂತ ಗಾಡಿಗಳಲ್ಲಿ ಇಲಿ ಗೂಡು, ಒಣಗಿದ ಎಲೆ, ಒಮ್ಮೊಮ್ಮೆ ಹಳೆ ಬಟ್ಟೆ ಕೂಡ ಸಿಗುತ್ತದೆ.

ಆಯಿಲ್ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಇದರಲ್ಲಿ ಇರುವುದೇ ಎರಡೂವರೆ ಲೀಟರ್, ಫಿಲ್ಟರ್ ಇಲ್ಲ, ಬರೀ ಜಾಲರಿ. ಬಿಸಿಯಾದಾಗ ಮ್ಯಾಗ್ನೀಸಿಯಂ ಕೇಸ್ ಒಳಗಿನ ಉಕ್ಕಿನ ಕ್ರ್ಯಾಂಕಿಗಿಂತ ಎರಡು ಪಟ್ಟು ಹಿಗ್ಗುತ್ತದೆ. ಬೇರಿಂಗ್ ಸಡಿಲವಾಗುತ್ತದೆ, ಆಯಿಲ್ ನೀರಿನಂತೆ ತೆಳ್ಳಗಾಗುತ್ತದೆ, ಆಯಿಲ್ ಪ್ರೆಷರ್ ಇಳಿಯುತ್ತದೆ. ಆಯಿಲ್ 120 ಡಿಗ್ರಿ ದಾಟುತ್ತಿದ್ದರೆ ಸ್ಪೀಡ್ ಇಳಿಸಲೇಬೇಕು. ಹೊರಗೆ ಇನ್ನೊಂದು ಕೂಲರ್ ಹಾಕಿಸಿ ಎಂದು ಒಬ್ಬರು ಸಲಹೆ ಕೊಟ್ಟಿದ್ದಾರೆ. ಹಾಕಿಸಬಹುದು. ಆದರೆ ಟೈಮಿಂಗ್ ತಪ್ಪಿ ಹೆಡ್ ಸುಡುತ್ತಿದ್ದರೆ ಅದು ಉಳಿಸುವುದಿಲ್ಲ. ಹಾಗಾಗಿ ಮೊದಲು ಮೂರನೇ ಪ್ಲಗ್ಗಿನ ಕೆಳಗೆ ಕೂರುವ ಉಂಗುರದಂಥ ಸೆನ್ಸರ್ ಹಾಕಿ, ಡ್ಯಾಶ್‌ನಲ್ಲಿ ಗೇಜ್ ಇಡಿ. 175 ಡಿಗ್ರಿ ಆಸುಪಾಸು ಓಡುತ್ತಿದ್ದರೆ ನೆಮ್ಮದಿ. 205ರಲ್ಲೇ ನಿಂತಿದ್ದರೆ ಕಾಲು ತೆಗೆಯಿರಿ. 230 ಮುಟ್ಟಿದರೆ ಪಕ್ಕಕ್ಕೆ ಹಾಕಿ.

ಏರ್‌ಕೂಲಿಂಗೇ ತಪ್ಪು ಎನ್ನುವವರಿಗೆ ಒಂದು ಮಾತು. ಪೋರ್ಷೆ 911 ಏರ್‌ಕೂಲ್ಡ್ ಆಗಿಯೇ 1998ರವರೆಗೆ ಬಂತು. ಅದಕ್ಕೆ ದೊಡ್ಡ ಫ್ಯಾನ್, ಬೀಟಲ್‌ಗಿಂತ ಮೂರು-ನಾಲ್ಕು ಪಟ್ಟು ಆಯಿಲ್, ಆಯಿಲ್‌ಗೇ ಬೇರೆ ಟ್ಯಾಂಕು ಕೊಟ್ಟಿದ್ದರು. ಅಂದರೆ ತಪ್ಪು ಏರ್‌ಕೂಲಿಂಗಿನದಲ್ಲ.

ಈಗ ನಿಮ್ಮ ಎಂಜಿನ್. ಒಂದು ಪಿಸ್ಟನ್, ಒಂದು ವಾಲ್ವ್ ಹಾಕಿ ಮುಗಿಸೋಣ ಎಂದು ಮೆಕ್ಯಾನಿಕ್ ಹೇಳಿದರೆ ಒಪ್ಪಬೇಡಿ. ವಾಲ್ವ್ ಮುರಿದಾಗ ಲೋಹದ ಚೂರು ಆಯಿಲ್‌ಗೆ ಸೇರಿರುತ್ತದೆ. ಕೇಸ್ ಬಿಚ್ಚಿ ಆಯಿಲ್ ದಾರಿಗಳನ್ನೆಲ್ಲ ತೊಳೆಯಬೇಕು, ಬೇರಿಂಗ್ ಹೊಸದು ಹಾಕಬೇಕು. ಆಯಿಲ್ ಕೂಲರನ್ನು ಎಷ್ಟು ತೊಳೆದರೂ ಚೂರು ಉಳಿಯುತ್ತದೆ, ಬದಲಿಸಿ. ಎರಡೂ ಹೆಡ್‌ಗಳಲ್ಲಿ ವಾಲ್ವ್ ಸೀಟಿನಿಂದ ಪ್ಲಗ್ ತೂತಿನವರೆಗೆ ಬಿರುಕು ಇದೆಯಾ ನೋಡಿಸಿ. ಎಕ್ಸಾಸ್ಟ್ ವಾಲ್ವ್ ನಾಲ್ಕೂ ಹೊಸದೇ ಹಾಕಿಸಿ. ಹೆಡ್ ಸ್ಟಡ್‌ಗಳು ಕೇಸಿನಿಂದ ಕಿತ್ತು ಬರುತ್ತಿದ್ದರೆ ಉಕ್ಕಿನ ಇನ್ಸರ್ಟ್ ಹಾಕಿಸಿಯೇ ಜೋಡಿಸಿ.

ಮತ್ತೆ ರಸ್ತೆಗೆ ಇಳಿದ ಮೇಲೆ 80-85ರಲ್ಲಿ ಓಡಿಸಿ, ಗೇಜ್ ನೋಡಿಕೊಂಡು ನಿಧಾನಕ್ಕೆ ಏರಿಸಿ. ಘಾಟಿ ಹತ್ತುವಾಗ ನಾಲ್ಕನೇ ಗೇರಿನಲ್ಲಿ ತಿಣುಕಾಡಿಸಬೇಡಿ. ಮೂರಕ್ಕೆ ಹಾಕಿದರೆ ಅದೇ ಸ್ಪೀಡಿಗೆ ಫ್ಯಾನ್ ಸುಮಾರು 40 ಪರ್ಸೆಂಟ್ ಜಾಸ್ತಿ ಗಾಳಿ ಕೊಡುತ್ತದೆ. ಡೈನಮೋದ ಕೆಂಪು ದೀಪ ಓಡುವಾಗ ಹತ್ತಿದರೆ ಬ್ಯಾಟರಿ ಚಾರ್ಜ್ ಆಗುತ್ತಿಲ್ಲ ಅಷ್ಟೇ, ಮನೆ ಮುಟ್ಟೋಣ ಎಂದುಕೊಳ್ಳಬೇಡಿ. ಬೆಲ್ಟ್ ತುಂಡಾಗಿ ಫ್ಯಾನೇ ನಿಂತಿರಬಹುದು. ಅಲ್ಲೇ ಎಂಜಿನ್ ಆಫ್ ಮಾಡಿ. ಡಿಕ್ಕಿಯಲ್ಲಿ ಒಂದು ಬೆಲ್ಟ್, ಪುಲ್ಲಿ ನಟ್ಟಿನ ಸ್ಪ್ಯಾನರ್, ಪುಲ್ಲಿ ಹಿಡಿಯಲು ಒಂದು ಸ್ಕ್ರೂಡ್ರೈವರ್ ಇರಲಿ.

ಹೆಡ್ ಬಿಚ್ಚಿದ ದಿನ ಪಿಸ್ಟನ್, ನಾಲ್ಕೂ ಪ್ಲಗ್, ಕೆಳಗಿನ ತಗಡುಗಳ ಫೋಟೋ ಇಲ್ಲೇ ಹಾಕಿ ಸರ್. ಡಿಸ್ಟ್ರಿಬ್ಯೂಟರ್ ಬಿಚ್ಚುವ ಮುಂಚೆ ಅದು ಈಗ ಎಲ್ಲಿ ನಿಂತಿದೆ ಎಂದು ಗುರುತು ಹಾಕಿಸಿ. ಎಂಜಿನ್ ಜೋಡಿಸಿದ ಮೇಲೆ ಆ ಗುರುತಿಗೇ ಇಟ್ಟು ಟೈಮಿಂಗ್ ಲೈಟ್ ಹಿಡಿದರೆ ಮೊದಲು ಎಷ್ಟು ಮುಂದಿತ್ತು ಎಂದು ಗೊತ್ತಾಗುತ್ತದೆ.