ಸಂಪಾದಕರ ಪತ್ರದ ಎರಡನೆಯ ಪುಟ

ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿ, ಸಂಬಂಧಪಟ್ಟವರ ಒಪ್ಪಿಗೆ ಪಡೆದು ಈ ಪ್ರಕರಣವನ್ನು ಬರೆಯುತ್ತಿದ್ದೇನೆ.

ಆಕೆಗೆ ಮೂವತ್ತನಾಲ್ಕು ವರ್ಷ. ಶಿರಸಿ ಸಮೀಪದ ಅಡಿಕೆ ತೋಟದ ಮನೆಯವರು. ಅತಿಥಿ ಉಪನ್ಯಾಸಕಿಯಾಗಿ ದುಡಿಯುತ್ತಲೇ ಸೊಪ್ಪಿನ ಬೆಟ್ಟದ ಮರಗಳ ಕುರಿತು ಪಿಎಚ್.ಡಿ. ಮಾಡುತ್ತಿದ್ದರು. ರಾತ್ರಿ ನಿದ್ದೆಯಿಲ್ಲ, ತರಗತಿಯಲ್ಲಿ ಮಾತು ತಡೆಯುತ್ತದೆ, ಮೊಬೈಲಿನಲ್ಲಿ ಇಮೇಲ್ ಬಂದ ಸದ್ದು ಕೇಳಿದರೆ ಎದೆ ಹೊಡೆದುಕೊಳ್ಳುತ್ತದೆ ಎಂದು ಹೇಳಿಕೊಂಡು ನನ್ನ ಬಳಿ ಸಲಹೆಗೆ ಬಂದರು. ಯಾವಾಗಿನಿಂದ ಎಂದು ಕೇಳಿದ್ದಕ್ಕೆ ದಿನವನ್ನೇ ಎಣಿಸಿ ಹೇಳಿದರು: 41 ದಿನ. ‘ನನ್ನ ಪೇಪರ್ ರಿಜೆಕ್ಟ್ ಆಯ್ತು ಮೇಡಂ. ಅಪ್ಪ ದಿನಾ ಪಾಸಾ ಫೇಲಾ ಅಂತ ಕೇಳ್ತಾರೆ.’

ನಿಯತಕಾಲಿಕದ ಸಂಪಾದಕರ ಪತ್ರವನ್ನು ಝೆರಾಕ್ಸ್ ಅಂಗಡಿಯಲ್ಲಿ ಮುದ್ರಿಸಿ ಚೀಲದಲ್ಲಿಟ್ಟುಕೊಂಡೇ ಓಡಾಡುತ್ತಿದ್ದರು. ಮೊದಲ ಪುಟ ಮಡಿಕೆಯಲ್ಲಿ ಹರಿಯುವಷ್ಟು ಸವೆದಿತ್ತು. ಪಿನ್ನು ಹೊಡೆದ ಹಿಂದಿನ ಪುಟಗಳಲ್ಲಿ ಬೆರಳಿನ ಗುರುತೂ ಇರಲಿಲ್ಲ. ‘ಈಗಿರುವ ರೂಪದಲ್ಲಿ ಲೇಖನವನ್ನು ಸ್ವೀಕರಿಸಲಾಗದು’ ಎಂಬ ಸಾಲನ್ನೂ, ಲೇಖಕರಿಗೆ ಸಂಖ್ಯಾಶಾಸ್ತ್ರದ ಪ್ರಾಥಮಿಕ ತಿಳಿವಳಿಕೆಯೂ ಇದ್ದಂತಿಲ್ಲವೆಂಬ ಮೊದಲ ಪರಿಶೀಲಕರ ಮಾತನ್ನೂ ಓದಿ ಅವರು ನಿಲ್ಲಿಸಿಬಿಟ್ಟಿದ್ದರು. ಎರಡನೆಯ ಪುಟದಲ್ಲಿ, ಆಕ್ಷೇಪಗಳಿಗೆ ಉತ್ತರಿಸಿ ತಿದ್ದಿದ ಲೇಖನವನ್ನು 60 ದಿನಗಳೊಳಗೆ ಕಳುಹಿಸಬಹುದು ಎಂದಿತ್ತು. ಅದು ತಿರಸ್ಕಾರವಲ್ಲ, ಆ ವಲಯದವರು ಮೇಜರ್ ರಿವಿಜನ್ ಎನ್ನುವ ತೀರ್ಮಾನ.

ನಾನು ವಿಜ್ಞಾನಿಯಲ್ಲ. ಆದರೂ ಪೀರ್ ರಿವ್ಯೂ, ಅಂದರೆ ಪ್ರಕಟಣೆಗೆ ಮುನ್ನ ಅದೇ ವಿಷಯದ ತಜ್ಞರು ಲೇಖನವನ್ನು ಪರಿಶೀಲಿಸುವ ಕ್ರಮ, ಹೇಗೆ ನಡೆಯುತ್ತದೆಂದು ನನಗೇ ಪಾಠ ಹೇಳಿ ಎಂದು ಅವರನ್ನು ಕೇಳಿದೆ, ಏಕೆಂದರೆ ಗೊತ್ತಿದ್ದುದನ್ನು ಭಯ ಮರೆಸಿರುತ್ತದೆ. ಹೇಳುತ್ತ ಹೇಳುತ್ತ ಅವರ ಮಾತು ನೇರವಾಯಿತು. ಬಂದ ಲೇಖನಗಳಲ್ಲಿ ಹಲವನ್ನು ಸಂಪಾದಕರು ಯಾರಿಗೂ ಕಳುಹಿಸದೆ ಹಿಂತಿರುಗಿಸುತ್ತಾರೆ. ಉಳಿದವನ್ನು ಅದೇ ವಿಷಯ ಬಲ್ಲ ಇಬ್ಬರು ಮೂವರಿಗೆ ಕಳುಹಿಸುತ್ತಾರೆ. ಸಾಮಾನ್ಯವಾಗಿ ಸಂಭಾವನೆಯಿಲ್ಲದ ಕೆಲಸವಾದ್ದರಿಂದ ಅವರು ತಮ್ಮ ಬಿಡುವಿನಲ್ಲಿ ಓದಿ ಬರೆಯುತ್ತಾರೆ. ಆದರೆ ಅವರದು ಸಲಹೆ ಮಾತ್ರ, ತೀರ್ಮಾನ ಸಂಪಾದಕರದು. ಈ ನಿಯತಕಾಲಿಕದಲ್ಲಿ ಪರಿಶೀಲಕರಿಗೆ ಲೇಖಕರ ಹೆಸರು ತಿಳಿದಿರುತ್ತದೆ, ಲೇಖಕರಿಗೆ ಪರಿಶೀಲಕರದು ತಿಳಿಯುವುದಿಲ್ಲ. ಆ ಕಾರಣಕ್ಕೇ ಸೆಮಿನಾರಿನಲ್ಲಿ ಕಂಡ ಹಿರಿಯರನ್ನೆಲ್ಲ ಅವರು ಮನಸ್ಸಿನಲ್ಲೇ ಶಂಕಿಸುತ್ತಿದ್ದರು. ಈ ಪತ್ತೇದಾರಿಕೆಯನ್ನು ನಿಲ್ಲಿಸಬೇಕೆಂಬುದು ನನ್ನ ಮೊದಲ ಸಲಹೆಯಾಗಿತ್ತು.

ಸಮಾಧಾನಕ್ಕೆಂದು ಐನ್‌ಸ್ಟೈನ್ ಪ್ರಸಂಗ ತೆಗೆದೆ. 1936ರಲ್ಲಿ ‘ಫಿಸಿಕಲ್ ರಿವ್ಯೂ’ ಎಂಬ ಭೌತವಿಜ್ಞಾನ ನಿಯತಕಾಲಿಕ ತಮ್ಮ ಲೇಖನವನ್ನು ಪರಿಶೀಲಕರಿಗೆ ತೋರಿಸಿತೆಂದು ಸಿಟ್ಟಾಗಿ ಅವರು ಅದನ್ನು ಹಿಂಪಡೆದರು. ಮುಂದಿನ ವರ್ಷ ಬೇರೆಡೆ ಅಚ್ಚಾಗುವ ಹೊತ್ತಿಗೆ ಲೇಖನದ ತೀರ್ಮಾನವೇ ಬದಲಾಗಿತ್ತು. ‘ಅವರಿಗೆ ಕೆಲಸ ಕಾಯಂ ಆಗಿತ್ತಲ್ಲ ಮೇಡಂ’ ಎಂದರು ಆಕೆ. ನನ್ನಲ್ಲಿ ಉತ್ತರವಿರಲಿಲ್ಲ. 2022ರ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ನಿಯಮಾವಳಿ ಪಿಎಚ್.ಡಿ. ಪ್ರಬಂಧ ಸಲ್ಲಿಕೆಗೆ ಮುನ್ನ ಲೇಖನ ಪ್ರಕಟಿಸಲೇಬೇಕೆಂಬ ಕಡ್ಡಾಯವನ್ನು ಕೈಬಿಟ್ಟಿದ್ದರೂ, ಕೆಲಸ ಹುಡುಕುವವರಿಗೆ ಲೇಖನ ಬೇಕೇ ಬೇಕು. ಹಣ ಕಟ್ಟಿದರೆ ಮೂರೇ ದಿನದಲ್ಲಿ ಪ್ರಕಟಿಸುವ ನಿಯತಕಾಲಿಕವೊಂದನ್ನು ಸಹೋದ್ಯೋಗಿಯೊಬ್ಬರು ಆಗಲೇ ಸೂಚಿಸಿದ್ದರು. ಅಲ್ಲಿ ಯಾರೂ ಓದುವುದಿಲ್ಲವೆಂಬುದು ಆಕೆಗೆ ತಿಳಿದಿತ್ತು. ಆ ಹೊತ್ತಿಗೆ ಅವರಿಗೆ ಬೇಕಾಗಿದ್ದದ್ದೂ ಯಾರೂ ಓದದಿರುವುದೇ.

ಮುಂದಿನ ಭೇಟಿಯಲ್ಲಿ ಪೆನ್ಸಿಲ್ ಹಿಡಿದು ಇಬ್ಬರೂ ಕುಳಿತೆವು. ಆಕ್ಷೇಪಗಳು ಒಟ್ಟು 23. ಹನ್ನೊಂದು ಬರೀ ಮಾತಿನ ತಿದ್ದುಪಡಿ. ಎಂಟಕ್ಕೆ ಲೆಕ್ಕವನ್ನು ಮತ್ತೆ ಮಾಡಬೇಕಿತ್ತು, ಮತ್ತು ಆ ಒರಟು ಪರಿಶೀಲಕರು ಇಲ್ಲಿ ಸರಿಯಾಗಿಯೇ ಹೇಳಿದ್ದರು. ಮೂರಕ್ಕೆ ಇನ್ನೊಂದು ಮಳೆಗಾಲದ ಅಳತೆ ಬೇಕಿತ್ತು. ಉಳಿದ ಒಂದನ್ನು ಓದುವಾಗ ಆಕೆಯ ಮುಖ ಕೆಂಪಾಯಿತು: ಈ ಬೆಟ್ಟಗಳ ಎತ್ತರವನ್ನು ಏಕೆ ನಮೂದಿಸಿಲ್ಲ ಎಂದು ಎರಡನೆಯ ಪರಿಶೀಲಕರು ಕೇಳಿದ್ದರು. ನಮ್ಮ ಕಡೆ ಬೆಟ್ಟವೆಂದರೆ ತೋಟಕ್ಕೆ ಸೊಪ್ಪು, ದರಕು (ಉದುರಿದ ಒಣ ಎಲೆ) ತರುವ ಜಾಗ. ಹೊರಗಿನವರಿಗೆ ಅದು ಬರೀ ಗುಡ್ಡ. ಅಣಕವೆಂದುಕೊಂಡು ಲೇಖನವನ್ನು ತೆರೆದು ನೋಡಿದರೆ, ಆ ಪದದ ಅರ್ಥವನ್ನು ಆಕೆ ಎಲ್ಲಿಯೂ ಬರೆದಿರಲಿಲ್ಲ. ಅಷ್ಟು ದಿನಗಳಲ್ಲಿ ಮೊದಲ ಸಲ ನಕ್ಕರು.

ಕೊಟ್ಟ ಸಲಹೆ ಇಷ್ಟು. ಅಂದೇ ಸಂಪಾದಕರಿಗೆ ಬರೆದು ನಾಲ್ಕು ವಾರ ಹೆಚ್ಚು ಕೇಳುವುದು (ಕೇಳಿದರು, ಸಿಕ್ಕಿತು). ಪ್ರತಿ ಆಕ್ಷೇಪವನ್ನು ಹಾಗೆಯೇ ಬರೆದು, ಕೆಳಗೆ ಉತ್ತರವನ್ನೂ ತಿದ್ದಿದ ಪುಟ, ಸಾಲುಗಳ ಸಂಖ್ಯೆಯನ್ನೂ ಕೊಡುವುದು. ಆಗದ ಅಳತೆಯನ್ನು ಆಗದೆಂದೇ ಹೇಳಿ, ಅಧ್ಯಯನದ ಮಿತಿಯೆಂದು ಲೇಖನದಲ್ಲಿ ಸೇರಿಸುವುದು. ಒಪ್ಪಿಗೆಯಿಲ್ಲದಲ್ಲಿ ಕಾರಣ ಕೊಡುವುದು. ಇವನ್ನೆಲ್ಲ ಮಾರ್ಗದರ್ಶಕರೇ ಹೇಳಿಕೊಡಬೇಕಿತ್ತು, ಆದರೆ ನಾಚಿಕೆಯಿಂದ ಅವರಿಗೂ ಪತ್ರ ತೋರಿಸಿರಲಿಲ್ಲವಾದ್ದರಿಂದ ಮೊದಲು ಅವರಿಗೆ ಫೋನ್ ಮಾಡಿಸಿದೆ. ಸಂಖ್ಯಾಶಾಸ್ತ್ರದ ಕುರಿತ ಆ ವಾಕ್ಯ ಒರಟು ಎಂಬುದನ್ನು ನಾನು ಅಲ್ಲಗಳೆಯಲಿಲ್ಲ; ಅದರೊಳಗಿನ ಆಕ್ಷೇಪಕ್ಕೆ ಮಾತ್ರ ಉತ್ತರಿಸಿ, ಅದರ ಧಾಟಿಗೆ ಬೇಡ ಎಂದೆ.

ಇದನ್ನು ಬರೆಯುವ ಹೊತ್ತಿಗೆ ಲೇಖನ ಮತ್ತೆ ಪರಿಶೀಲಕರ ಕೈಯಲ್ಲಿದೆ, ಆಕೆಗೆ ನಿದ್ದೆ ಒಂದಿಷ್ಟು ಹತ್ತುತ್ತಿದೆ. ಉತ್ತರ ಬಂದರೆ ರಾತ್ರಿ ತೆರೆಯಬಾರದು, ಒಬ್ಬರೇ ಓದಬಾರದು, ಕೊನೆಯ ಪುಟದವರೆಗೆ ಓದದೆ ಅಪ್ಪನಿಗೆ ಏನನ್ನೂ ಹೇಳಬಾರದು ಎಂದು ನಾವಿಬ್ಬರೂ ಒಪ್ಪಿಕೊಂಡಿದ್ದೇವೆ.